ಕನ್ನಡಿ ಮನೆಯ ಕೂಸು

ಕುಳ್ಳಗೆ ತೋರಿಸುವ ಕನ್ನಡಿ ಮುಗಿಸಿ ಪ್ರೇಮಕ್ಕ ಉದ್ದಕ್ಕೆ ತೋರಿಸುವ ಕನ್ನಡಿಗೆ ಬಂದಿದ್ದಳು. ಒಂದು ಕೈಯಲ್ಲಿ ನೀರಿನ ಮಗ್ಗು, ಇನ್ನೊಂದರಲ್ಲಿ ಹಳೆ ಪೇಪರಿನ ಉಂಡೆ. ಬಟ್ಟೆಯಲ್ಲಿ ಒರೆಸಿದರೆ ಗಾಜಿನ ಮೇಲೆ ನೂಲು ಉಳಿಯುತ್ತದೆ. ಪೇಪರಿನಲ್ಲಿ ಒರೆಸಿದರೆ ಕಿರ್ ಕಿರ್ ಎನ್ನುತ್ತದೆ, ಆದರೆ ಹೊಳೆಯುತ್ತದೆ.

ಗೇಟು ತೆರೆಯುವ ಮೊದಲು ಕನ್ನಡಿ ಮನೆ ಒರೆಸುವುದು ಅವಳ ಕೆಲಸ. ಅಷ್ಟರಲ್ಲಿ ಗಂಡ ಸೋಮನಾಥ್ ಪುಟಾಣಿ ರೈಲಿಗೆ ಎಣ್ಣೆ ಬಿಟ್ಟಿರುತ್ತಾನೆ. ಮಾವ ಮಲ್ಲೇಶಪ್ಪ ಟಿಕೆಟ್ ಕಿಟಕಿಯಲ್ಲಿ ಕೂತಿರುತ್ತಾರೆ. ಶೆಟ್ಟಿಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಗೆ ತಾಗಿದ ಅವರ ನಂದನ ಪಾರ್ಕ್ ಎಂದರೆ ಇಷ್ಟೇ. ಒಂದು ರೈಲು, ತಿರುಗುವ ತೊಟ್ಟಿಲು, ಬಾತುಕೋಳಿ ದೋಣಿಗಳ ಕೊಳ, ಈ ಕನ್ನಡಿ ಮನೆ. ಜನ ಮುಗಿಬೀಳುವುದು ದಸರಾ ರಜೆಯಲ್ಲಿ ಮಾತ್ರ.

ಹೋದ ದಸರಾದಲ್ಲಿ ಹಾಗೆ ಮುಗಿಬಿದ್ದ ಜನರ ನಡುವೆ ನೆಮ್ಮಾರಿನ ರಮ್ಯ ಎಂಬ ಕಾಲೇಜು ಹುಡುಗಿ ಕಾಣೆಯಾಗಿದ್ದಳು. ಇನ್ನೂ ಸಿಕ್ಕಿರಲಿಲ್ಲ.

ಕೊನೆಯ ಕನ್ನಡಿಯ ಮುಂದೆ ಪ್ರೇಮಕ್ಕನ ಕೈ ತಾನಾಗಿಯೇ ಚುರುಕಾಗುತ್ತಿತ್ತು. ಅದು ಸೊಟ್ಟ ಕನ್ನಡಿಯಲ್ಲ. ಇದ್ದವರನ್ನು ಇದ್ದ ಹಾಗೇ ತೋರಿಸುತ್ತದೆ. ನಕ್ಕು ನಕ್ಕು ಬಂದವರು ಕೊನೆಗೆ ಸ್ವಂತ ಮುಖ ನೋಡಿಕೊಂಡು ಹೊರಗೆ ಹೋಗಲಿ ಎಂದು ಮಾವ ಹಾಕಿಸಿದ್ದರು. ಮೊದಲು ಅದನ್ನು ದೂಡಿದರೆ ಬಾಗಿಲಿನಂತೆ ತೆರೆದು, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಹಿಂದೆ ಬೀರುವಿನಷ್ಟು ಇಕ್ಕಟ್ಟು ಜಾಗ, ಅದರಾಚೆ ಜನರೇಟರ್ ಶೆಡ್ಡಿನ ಬಾಗಿಲು. ಬಲ್ಬು ಸುಟ್ಟರೆ ಹೊಸದು ತರಲು ಸೋಮನಾಥ್ ಶೆಡ್ಡಿಗೆ ಹೋಗುತ್ತಿದ್ದುದು ಆ ದಾರಿಯಲ್ಲೇ. ಹೋದ ದಸರಾ ಆದ ಮೇಲೆ ಅವನೇ ಅದರ ಚೌಕಟ್ಟಿಗೆ ಮೊಳೆ ಹೊಡೆದು ಭದ್ರ ಮಾಡಿದ್ದ. "ಮಕ್ಕಳು ನುಗ್ತಾವೆ" ಎಂದಿದ್ದ.

ಮಳೆಗಾಲದ ತಂಡಿಗೆ ಕನ್ನಡಿಯ ರಸ ಬಿಟ್ಟಿದೆ ಎಂದು ಪ್ರೇಮಕ್ಕ ತಿಳಿದಿದ್ದಳು. ಅವಳ ಎದೆಯ ಮಟ್ಟದಲ್ಲಿ ಕಪ್ಪು ಗೀರುಗಳಿದ್ದವು. ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಅವು ಗಾಜಿನ ಈಚೆಗಿರಲಿಲ್ಲ.

ಇವತ್ತೂ ಒರೆಸಿದಳು. ಯಾರೋ ನಿಂತಿದ್ದಾರೆ ಅನ್ನಿಸಿತು. ಬೆನ್ನ ಹಿಂದೆ ಅಲ್ಲ. ಕನ್ನಡಿಯಲ್ಲಿ ಕಾಣುವ ತನ್ನ ಮುಖದ ಹಿಂದೆ.

"ಪ್ರೇಮಾ! ಆಯ್ತೇನೆ? ಗೇಟ್ ತೆಗೀಬೇಕು." ಸೋಮನಾಥ್ ಹೊರಗಿನಿಂದ ಕೂಗಿದ.

"ಆಯ್ತು, ಬಂದೆ."

ಹೊರಗೆ ತೊಳೆದಿಟ್ಟಂಥ ಆಕಾಶ. ಮೊನ್ನೆಯಷ್ಟೇ ಆಯುಧ ಪೂಜೆ ಆಗಿತ್ತು. ರೈಲಿನ ಮೂತಿಗೆ, ತೊಟ್ಟಿಲ ಕಂಬಕ್ಕೆ, ಬಾತುಕೋಳಿಗಳ ಕೊಕ್ಕಿಗೂ ವಿಭೂತಿ, ಬಾಡಿದ ಚೆಂಡುಹೂವು.

"ಅಲ್ಲ ಕಣೋ," ಮಲ್ಲೇಶಪ್ಪ ಕಿಟಕಿಯಿಂದ ಮಗನನ್ನು ಕೆಣಕಿದರು, "ಬಾತುಕೋಳಿಗೂ ಪೂಜೆ ಆಯ್ತು. ಜನರೇಟರ್‌ಗೆ ಒಂದು ಹೂವಿಲ್ಲ. ಅದೇನು ಪಾಪ ಮಾಡಿತ್ತು?"

"ಓಡದೇ ಇರೋ ಯಂತ್ರಕ್ಕೆ ಎಂಥ ಪೂಜೆ ಅಪ್ಪಾಜಿ?"

"ಓಡಿಸಿದ್ರೆ ತಾನೇ ಓಡೋದು! ಹಬ್ಬಕ್ಕೆ ಬಂದ ಅಳಿಯನ ಹಾಗೆ ಟಾರ್ಪಾಲ್ ಹೊದ್ದು ಮಲಗಿದೆ ಒಂದು ವರ್ಷದಿಂದ. ಕರೆಂಟ್ ಹೋದ್ರೆ ಜನರನ್ನ ವಾಪಸ್ ಕಳಿಸ್ತೀಯೇ ಹೊರತು ಅದನ್ನ ಮುಟ್ಟಲ್ಲ."

"ನಾಳೆ ಬೆಳಿಗ್ಗೆ ಹೋಗುತ್ತೆ ಬಿಡಿ. ಗುಜರಿ ಬೂತಪ್ಪನಿಗೆ ಹೇಳಿದೀನಿ. ಜನರೇಟರ್, ಆ ಕೊನೇ ಕನ್ನಡಿ, ಎರಡೂ."

ಪ್ರೇಮಕ್ಕ ಮಗ್ಗು ಕೆಳಗಿಟ್ಟಳು. "ಕನ್ನಡಿ ಯಾಕ್ರೀ?"

"ರಸ ಬಿಟ್ಟಿದೆ ಅಂತ ನೀನೇ ಗೊಣಗ್ತಿದ್ದೆಯಲ್ಲ ಮಾರಾಯ್ತಿ."

ಹೌದು, ಗೊಣಗಿದ್ದಳು. ಆದರೆ ಅವಳು ಗೊಣಗಿದ್ದನ್ನು ಅವನು ಇಷ್ಟು ಬೇಗ ಮಾಡಿಕೊಟ್ಟದ್ದು ಇದೇ ಮೊದಲು.

ಹನ್ನೊಂದರ ಬಸ್ಸಿನಿಂದ ಇಳಿದವರಲ್ಲಿ ಒಬ್ಬ ಯುವಕ ಮುದುಕಿಯೊಬ್ಬರ ಕೈ ಹಿಡಿದಿದ್ದ. ಪ್ರೇಮಕ್ಕನಿಗೆ ಗುರುತು ಹತ್ತಿತು. ರಮ್ಯಳ ಅಣ್ಣ ಅರುಣ, ಅಜ್ಜಿ ಯಮುನಮ್ಮ. ಅಜ್ಜಿಯ ಕಣ್ಣಿನ ಪೊರೆ ಈ ಒಂದು ವರ್ಷದಲ್ಲಿ ಇನ್ನೂ ಬಲಿತಿತ್ತು.

"ತಪ್ಪು ತಿಳ್ಕೋಬೇಡಿ ಅಕ್ಕ," ಅರುಣ ತಗ್ಗಿದ ದನಿಯಲ್ಲಿ ಹೇಳಿದ. "ಜಗಳಕ್ಕೆ ಬಂದಿಲ್ಲ. ಇನ್ನೊಂದು ಸಲ ಅಲ್ಲಿಗೆ ಕರ್ಕೊಂಡು ಹೋಗು ಅಂತ ಅಜ್ಜಿದು ಒಂದೇ ಹಠ. ಊಟನೂ ಬಿಟ್ಟಿದ್ರು."

"ಅದಕ್ಕೇನಂತೆ, ಕೂತ್ಕೊಳ್ಳಿ."

ಬೆಂಚಿನ ಮೇಲೆ ಕೂರಿಸುವಾಗ ಅಜ್ಜಿಯ ಕೈ ಅವಳ ಕೈಯಲ್ಲಿತ್ತು. ಹೋದ ವರ್ಷ ಇದೇ ಅಜ್ಜಿ ಕನ್ನಡಿ ಮನೆಯ ಮುಂದೆ ನಿಂತು ಎದೆ ಬಡಿದುಕೊಂಡಿದ್ದು ನೆನಪಾಯಿತು. "ಕೂಸು ಒಳಗೆ ಹೋತು, ಹೊರಗೆ ಬರ್ಲಿಲ್ಲೆ!"

ಆಗ ಸೋಮನಾಥ್ ಮೈಕ್ ಹಿಡಿದು ಹೇಳಿದ್ದ: "ಯಾರದಾದರೂ ಎಳೆ ಮಗು ತಪ್ಪಿಸಿಕೊಂಡಿದ್ದರೆ ದಯವಿಟ್ಟು ತಿಳಿಸಿ." ತಾಯಂದಿರೆಲ್ಲ ತಮ್ಮ ಮಡಿಲು ನೋಡಿಕೊಂಡರು. ಎಲ್ಲರ ಮಗುವೂ ಇತ್ತು. ಪಾಪ, ಅಜ್ಜಿಗೆ ಅರಳುಮರಳು ಎಂದು ಜನ ಚದುರಿದರು. ದೋಣಿಗಳ ಹತ್ತಿರ ತಂಗಿಯನ್ನು ಹುಡುಕುತ್ತಿದ್ದ ಅರುಣ ಆಮೇಲೆ ಬಂದಾಗ ಸೋಮನಾಥ್ ಅವನಿಗೆ ಬೇರೆಯೇ ಸಂಗತಿ ಹೇಳಿದ. ನಿಮ್ಮ ತಂಗಿ ಕೊಪ್ಪದ ಬಸ್ ಹತ್ತಿದ್ದನ್ನು ನಾನೇ ಕಂಡೆ ಎಂದ. ಅರುಣ ಕೊಪ್ಪಕ್ಕೆ ಓಡಿದ. ಆಮೇಲೆ ಬಂದ ಎಸ್ಸೈ ಪರಮೇಶ್ವರಪ್ಪನವರೂ ಆ ಬಸ್ಸಿನ ಹಿಂದೆಯೇ ಬಿದ್ದರು. ಹುಡುಗಿ ಯಾರ ಜೊತೆಗೋ ಓಡಿಹೋದಳು ಎಂದು ಊರೆಲ್ಲ ಮಾತಾಡಿ ಮುಗಿಸಿತು.

ಬೆಂಚಿನ ಇನ್ನೊಂದು ತುದಿಯಲ್ಲಿ ಯಾರೋ ತಾಯಿ ಮಡಿಲಲ್ಲಿ ಮಗು ಮಲಗಿಸಿಕೊಂಡು ಕೂತಿದ್ದಳು. ಎದುರಿಗೆ ಕೊಳದ ಕಟ್ಟೆಯ ಮೇಲೆ ಪ್ರೇಮಕ್ಕನ ಮಗಳು ಸಿರಿ, ಹದಿಮೂರರ ಹುಡುಗಿ, ದೋಣಿಯ ಹಗ್ಗ ಹಿಡಿದು ನಿಂತಿದ್ದಳು. ಸೋಮನಾಥ್ ಪಕ್ಕದಲ್ಲೇ ರೈಲಿನ ಕೆಳಗೆ ತಲೆ ಹಾಕಿ ಸ್ಪ್ಯಾನರ್ ತಿರುಗಿಸುತ್ತಿದ್ದ.

ಯಮುನಮ್ಮ ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ಮುಂದಕ್ಕೆ ನೋಡಿದರು. "ಆ ಕೂಸಿಗೆ ಬಿಸ್ಲು ತಾಗ್ತಾ ಇದ್ದಲೇ."

ಪ್ರೇಮಕ್ಕ ಬೆಂಚಿನ ಮೇಲಿನ ಮಗುವಿನ ಕಡೆ ಬಾಗಿದಳು. ನಿಜ, ಎಲೆಗಳ ಸಂದಿಯಿಂದ ಬಿಸಿಲು ಅದರ ಕೆನ್ನೆಗೆ ಬಿದ್ದಿತ್ತು. ಸೆರಗು ಅಡ್ಡ ಹಿಡಿಯಲು ಕೈ ಚಾಚಿದಳು.

"ಸಿರೀ, ನೆರಳಿಗೆ ಬಾರೇ," ರೈಲಿನ ಕೆಳಗಿನಿಂದ ಸೋಮನಾಥ್ ಕೂಗಿದ.

"ಹ್ಞಾಂ, ಅದೇ," ಅಂದರು ಯಮುನಮ್ಮ.

ಸ್ಪ್ಯಾನರಿನ ಸದ್ದು ನಿಂತಿತು.

ಪ್ರೇಮಕ್ಕನ ಕೈ ಮಗುವಿನ ಕೆನ್ನೆಯ ಮೇಲೆ, ಗಾಳಿಯಲ್ಲಿ, ಹಾಗೇ ಉಳಿಯಿತು. ಅವಳು ಗಂಡನ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸ್ಪ್ಯಾನರ್ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಟೀ ತರುವ ನೆಪದಲ್ಲಿ ಅರುಣನನ್ನು ಕರೆದುಕೊಂಡು ಹೋದಳು. "ನಿಮ್ಮ ಮನೆ ಮಾತಲ್ಲಿ ಕೂಸು ಅಂದ್ರೆ ಯಾರು?"

"ಹುಡುಗಿ, ಅಕ್ಕ. ಹುಡುಗ ಆದ್ರೆ ಮಾಣಿ, ಹುಡುಗಿ ಆದ್ರೆ ಕೂಸು. ಮದುವೆ ವಯಸ್ಸಿಗೆ ಬಂದ್ರೂ ಕೂಸೇ." ಅವನು ಸಣ್ಣಗೆ ನಕ್ಕ. "ರಮ್ಯನ್ನ ಅಜ್ಜಿ ಹೆಸರು ಹಿಡಿದು ಕರೆದಿದ್ದೇ ಇಲ್ಲ. ಅವಳು ಸಿಟ್ಟು ಮಾಡ್ಕೊಳ್ಳೋಳು, ಕಾಲೇಜಿನವರ ಎದುರಿಗೆ ಕೂಸು ಅನ್ಬೇಡಿ ಅಂತ."

"ಅವತ್ತು ಅಜ್ಜಿ ನಿಮಗೂ ಹಾಗೇ ಹೇಳಿದ್ರಾ? ಒಳಗೆ ಹೋಯ್ತು ಅಂತ?"

"ಹೇಳಿದ್ರು. ನಾನು ಒಳಗೆ ನೋಡಿದೆ. ಬರೀ ಕನ್ನಡಿ. ನಿಮ್ಮ ಯಜಮಾನ್ರು ಬಸ್ ಹತ್ತಿದ್ದು ಕಂಡೆ ಅಂದ್ರಲ್ಲ, ಕಣ್ಣು ಕಾಣದ ಅಜ್ಜಿ ಮಾತು ನಂಬ್ಲಾ, ಅವರ ಮಾತು ನಂಬ್ಲಾ?"

ಪ್ರೇಮಕ್ಕ ಲೋಟ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಅವಳ ತವರು ಅಜ್ಜಂಪುರದ ಕಡೆ. ಅಲ್ಲಿ ಕೂಸು ಎಂದರೆ ತೊಟ್ಟಿಲಲ್ಲಿ ಇರುವುದು. ಸೋಮನಾಥ್ ಹಾಗಲ್ಲ. ಪಿಯುಸಿ ಓದಿದ್ದು ಶೃಂಗೇರಿಯಲ್ಲಿ, ಇದೇ ಮಾತಾಡುವವರ ಮನೆಯ ಹೊರಗಿನ ಕೋಣೆ ಬಾಡಿಗೆ ಹಿಡಿದು. ಸಿರಿ ಹುಟ್ಟಿದ ದಿನದಿಂದ ಅವಳನ್ನು 'ಕೂಸೇ' ಎಂದೇ ಕರೆಯುತ್ತಿದ್ದ. ನಡೆಯಲು ಕಲಿತಾಗಲೂ, ಶಾಲೆಗೆ ಸೇರಿದಾಗಲೂ, ಹನ್ನೆರಡಾದಾಗಲೂ. ಅಪ್ಪನಿಗೆ ಮಗಳು ಎಂದೂ ದೊಡ್ಡವಳಾಗುವುದಿಲ್ಲ ಎಂದು ಪ್ರೇಮಕ್ಕ ಒಳಗೊಳಗೇ ಹಿಗ್ಗಿದ್ದಳು.

ಆ ಕರೆ ನಿಂತುಹೋಗಿತ್ತು. ಯಾವಾಗ ನಿಂತಿತು ಎಂದು ಅವಳು ಈಗ ಹುಡುಕಿದಳು. ಹೋದ ದಸರಾದಿಂದ ಈಚೆಗೆ ಮಗಳು ಬರೀ 'ಸಿರಿ'.

"ನಾ ಒಂದ್ಸಲ ಒಳಗೆ ಹೋಗ್ತೆ," ಎಂದರು ಯಮುನಮ್ಮ.

ಪ್ರೇಮಕ್ಕ ತಾನೇ ಕರೆದೊಯ್ದಳು. ಮಕ್ಕಳು ಕುಳ್ಳಗಾಗಿ, ಡೊಳ್ಳಾಗಿ, ಹೊಟ್ಟೆ ಹಿಡಿದು ನಗುತ್ತಿದ್ದವು. ಅವರ ನಡುವೆ ಅಜ್ಜಿ ಯಾವ ಕನ್ನಡಿಯನ್ನೂ ನೋಡದೆ ಗೋಡೆ ತಡವುತ್ತಾ ನಡೆದರು. ಕೊನೆಯ ಕನ್ನಡಿಗೆ ಬಂದು ನಿಂತರು. ಅಂಗೈ ಊರಿದರು. ಹಣೆಯನ್ನೂ ಊರಿದರು.

"ಇಲ್ಲೇ ಇದ್ದು."

"ಅಜ್ಜೀ, ಅದು ಬರೀ ಕನ್ನಡಿ."

"ಅವತ್ತು ಆ ಸದ್ದು ಇತ್ತು. ಧಡಧಡ ಹೇಳಿ. ಹೊಗೆನೂ ಬತ್ತಾ ಇತ್ತು." ಅಜ್ಜಿಯ ದನಿ ಏರಲಿಲ್ಲ. "ನಾ ಕೂಗಿದ್ದು ಅದಕ್ಕೆ ಕೇಳ್ತಿತ್ತಿಲ್ಲೆ. ಅದು ಕೂಗಿದ್ದು ನಂಗೆ ಕೇಳ್ತಿತ್ತಿಲ್ಲೆ."

ಪ್ರೇಮಕ್ಕ ಅಜ್ಜಿಯ ಬೆರಳುಗಳನ್ನು ನೋಡಿದಳು. ಬೆರಳುಗಳ ನಡುವೆ, ಗಾಜಿನ ಆಚೆ ಕಪ್ಪು ಗೀರುಗಳು ಕಂಡವು. ತಂಡಿ ಹಿಡಿದ ಕನ್ನಡಿಯನ್ನು ಅವಳು ಬೇಕಾದಷ್ಟು ನೋಡಿದ್ದಳು. ಬಚ್ಚಲ ಕನ್ನಡಿಯಲ್ಲಿ ರಸ ಬಿಟ್ಟರೆ ಕಲೆ ಅಂಚಿನಿಂದ ಬೂಷ್ಟಿನಂತೆ ಹರಡುತ್ತದೆ. ಇವು ಹರಡಿರಲಿಲ್ಲ. ಗೆರೆಗಳು. ಹೇರ್‌ಪಿನ್ನಿನಿಂದಲೋ ಬಳೆಯ ಚೂರಿನಿಂದಲೋ ಹಿಂದಿನಿಂದ ಕೆರೆದ ಗೆರೆಗಳು. ಎದೆಯ ಮಟ್ಟದಲ್ಲಿ ದಟ್ಟವಾಗಿದ್ದವು. ಸೊಂಟದ ಹತ್ತಿರ ವಿರಳ. ಮೊಣಕಾಲಿನ ಹತ್ತಿರ ಒಂದೇ ಒಂದು, ಅಡ್ಡಕ್ಕೆ, ಕೈ ಜಾರಿದಂತೆ.

ಒಂದು ವರ್ಷ, ಪ್ರತಿ ಬೆಳಿಗ್ಗೆ, ಅವಳು ಇದರ ಮುಂದೆ ನಿಂತು ಪೇಪರಿನಲ್ಲಿ ಒರೆಸಿದ್ದಳು.

ಸಂಜೆಯ ಬಸ್ಸಿಗೆ ಅವರಿಬ್ಬರನ್ನು ಹತ್ತಿಸುವಾಗ ಸುಮ್ಮನೆ ಮಾತಿಗೆಂಬಂತೆ ಕೇಳಿದಳು. "ನೆಮ್ಮಾರಲ್ಲಿ ನಿಮ್ಮ ಮನೆ ಎಲ್ಲಿ?"

"ಶೃಂಗೇರೀಲಿ ಬಸ್ ಬದಲಾಯಿಸಿ ಯಮುನಮ್ಮನ ಮನೆ ಅಂದ್ರೆ ಸಾಕು ಅಕ್ಕ, ಕಂಡಕ್ಟರೇ ನಿಲ್ಲಿಸ್ತಾನೆ," ಎಂದ ಅರುಣ.

ಗೇಟು ಹಾಕಿದ ಮೇಲೆ ಪಾರ್ಕು ಇದ್ದಕ್ಕಿದ್ದಂತೆ ದೊಡ್ಡದಾಯಿತು. ಸೋಮನಾಥ್ ರೈಲಿನ ಡಬ್ಬಿಗಳಿಗೆ ಟಾರ್ಪಾಲ್ ಎಳೆಯುತ್ತಿದ್ದ. ಪ್ರೇಮಕ್ಕ ಇನ್ನೊಂದು ತುದಿ ಹಿಡಿದಳು.

"ನಿಮಗೆ ಅವರ ಮಾತು ಬರುತ್ತೆ, ಅಲ್ವಾ?"

"ಯಾರ ಮಾತು?"

"ಆ ಅಜ್ಜಿದು."

"ಎಂಥದ್ದು ಬರುತ್ತೆ? ಅರ್ಧ ತಿಳಿಯಲ್ಲ."

"ಕೂಸಿಗೆ ಬಿಸಿಲು ಅಂದ್ರು. ನಾನು ಮಗು ನೋಡಿದೆ. ನೀವು ಸಿರಿನ ಕರೆದ್ರಿ."

ಅವನು ನಕ್ಕ. "ನೀನು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ಕಣೆ."

"ಹೋದ ವರ್ಷ ಮೈಕಲ್ಲಿ ಎಳೆ ಮಗು ಅಂತ ಯಾಕೆ ಹೇಳಿದ್ರಿ?"

ನಗು ಮುಖದ ಮೇಲೇ ಉಳಿದಿತ್ತು, ಆದರೆ ಒಳಗಿನವನು ಎದ್ದುಹೋಗಿದ್ದ. "ಗದ್ದಲದಲ್ಲಿ ಹಾಗೆ ಕೇಳಿಸ್ತು."

"ಕನ್ನಡಿನ ಹಿಂದಿನಿಂದ ಯಾರೋ ಕೆರೆದ ಹಾಗಿದೆ. ನಾನು ನೋಡಿದೆ."

ಟಾರ್ಪಾಲ್ ಅವನ ಕೈಯಿಂದ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ಪ್ರೇಮಾ, ನಾನು ಸುಳ್ಳು ಹೇಳಿದ್ದು ನನಗೋಸ್ಕರ ಅಲ್ಲ."

"ಮತ್ತೆ ಯಾರಿಗೋಸ್ಕರ?"

ಅವನು ಕೊಳದ ಕಡೆ ನೋಡಿದ. ಸಿರಿ ಬಾತುಕೋಳಿಗಳನ್ನು ಒಂದೊಂದಾಗಿ ಕಟ್ಟೆಗೆ ಬಿಗಿಯುತ್ತಾ ಏನೋ ಗುನುಗುತ್ತಿದ್ದಳು.

"ಶೆಡ್ಡಿನ ಕಡೆಯಿಂದ ಚಿಲಕ ಹಾಕಿದ್ದು ಅವಳು. ಆಟಕ್ಕೆ. ಆ ಹುಡುಗಿ ದಾರಿ ತಪ್ಪಿ ಕನ್ನಡಿ ದೂಡಿಕೊಂಡು ಒಳಗೆ ಹೋಗಿದ್ಲು. ಕನ್ನಡಿ ಮುಚ್ಕೊಂಡ್ತು, ಒಳಗಿಂದ ತೆಗೆಯೋಕೆ ಬರಲ್ಲ. ಈ ಕಡೆ ಚಿಲಕ, ಜನರೇಟರ್ ಹೊಗೆ. ನನಗೆ ಗೊತ್ತಾಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು."

ಪ್ರೇಮಕ್ಕ ರೈಲಿನ ಡಬ್ಬಿ ಹಿಡಿದುಕೊಂಡಳು.

"ಅವಳಿಗೆ ಗೊತ್ತಾ?"

"ಇಲ್ಲ. ಗೊತ್ತಾಗೋದೂ ಬೇಡ. ಎಸ್ಸೈ ಹತ್ರ ಹೋಗ್ತೀಯಾ? ಹೋಗು. ಏನಂತ ಹೇಳ್ತೀಯ? ನನ್ನ ಮಗಳು ಅಂತ ಹೇಳ್ತೀಯಾ?" ಅವನ ದನಿ ಮೆತ್ತಗಾಯಿತು. "ನಾಳೆ ಕನ್ನಡಿ ಹೋಗುತ್ತೆ. ಅಲ್ಲಿಗೆ ಮುಗೀತು."

"ಆ ಹುಡುಗಿ ಈಗ ಎಲ್ಲಿದಾಳ್ರೀ?"

ಸೋಮನಾಥ್ ಬಗ್ಗಿ ಟಾರ್ಪಾಲ್ ಎತ್ತಿಕೊಂಡ. ಅದರ ಹಗ್ಗ ಡಬ್ಬಿಗೆ ಬಿಗಿದ.

ಕನ್ನಡಿ ಮನೆಯ ದೀಪ ಆರಿಸಿ ಬರುತ್ತೇನೆ ಎಂದು ಅವಳು ಹೊರಟಳು. ಹೋಗಿದ್ದು ಶೆಡ್ಡಿಗೆ.

ಕನ್ನಡಿಯ ಹಿಂದಿನ ಇಕ್ಕಟ್ಟಿಗೆ ತೆರೆಯುವ ಬಾಗಿಲಿನ ಚಿಲಕ ಎತ್ತರದಲ್ಲಿತ್ತು. ಅವಳೇ ತುದಿಗಾಲಲ್ಲಿ ನಿಲ್ಲಬೇಕಾಯಿತು. ಹೋದ ವರ್ಷ ಸಿರಿ ಅವಳ ಭುಜಕ್ಕೆ ಬರುತ್ತಿದ್ದಳು. ಎಟುಕುತ್ತಿರಲಿಲ್ಲ. ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಮರುಕ್ಷಣ ಮೂಲೆಯಲ್ಲಿದ್ದ ಬಕೆಟ್ ಕಣ್ಣಿಗೆ ಬಿತ್ತು. ಮಗುಚಿ ಹಾಕಿ ಹತ್ತಿದ್ದರೆ ಎಟುಕುತ್ತಿತ್ತು. ಆಟಕ್ಕೆ ನಿಂತ ಮಕ್ಕಳು ಹತ್ತದ್ದು ಯಾವುದಿದೆ?

ಅವಳು ಆ ಬಕೆಟ್ಟಿನ ಮೇಲೇ ಕೂತಳು. ಎದುರಿಗೆ ಟಾರ್ಪಾಲ್ ಹೊದ್ದ ಜನರೇಟರ್. ಹೂವಿಲ್ಲ, ವಿಭೂತಿಯಿಲ್ಲ. ಅದರಿಂದ ಹೊರಟ ದಪ್ಪ ವೈರು ಗೋಡೆ ಹತ್ತಿ ಹೋಗಿತ್ತು. ಸುಮ್ಮನೆ ಅದರ ಜಾಡು ಹಿಡಿದು ನೋಡಿದಳು. ತೊಟ್ಟಿಲಿಗೆ ಒಂದು ಕವಲು, ದೀಪಗಳಿಗೆ ಒಂದು ಕವಲು.

ಮೈಕಿಗೆ ಒಂದು ಕವಲು.

ಅವತ್ತು ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಟಿಕೆಟ್ ಕಿಟಕಿಯಲ್ಲಿ ಅವಳೇ ಕೂತಿದ್ದಳು. ಸೋಮನಾಥ್‌ನ ಪ್ರಕಟಣೆ ಅವಳ ಕಿವಿಯಲ್ಲಿ ಈಗ ಮತ್ತೆ ಕೇಳಿಸಿತು. "ಯಾರದಾದರೂ ಎಳೆ ಮಗು..." ಅವನ ದನಿಯ ಹಿಂದೆ ಧಡಧಡ. ಅದು ಓಡುತ್ತಿದ್ದುದರಿಂದಲೇ ಮೈಕ್ ಮಾತಾಡಿತ್ತು.

ಹೊಗೆ ಇನ್ನೂ ತುಂಬುತ್ತಿತ್ತು. ಅಂದರೆ ಆಗ ಏನೂ ಮುಗಿದಿರಲಿಲ್ಲ.

ಕೂಸು ಒಳಗೆ ಹೋತು ಎಂದು ಅಜ್ಜಿ ಕೂಗಿದಾಗ ಅದು ಯಾರು, ಎಲ್ಲಿ ಎಂದು ತಿಳಿದವನು ಆ ಪಾರ್ಕಿನಲ್ಲಿ ಅವನೊಬ್ಬನೇ. ಶೆಡ್ಡಿಗೆ ಬಂದು ಒಂದು ಚಿಲಕ ಎಳೆದರೆ ಆಗಿತ್ತು. ಅವನು ಹೋಗಿದ್ದು ಮೈಕಿನ ಹತ್ತಿರ.

ಹಾಕಿದ್ದು ಯಾರೋ. ತೆಗೆಯದೆ ಬಿಟ್ಟಿದ್ದು ಯಾರು? ಯಾಕೆ?

"ಪ್ರೇಮಾ! ಆಯ್ತೇನೆ?"

"ಆಯ್ತು, ಬಂದೆ." ದನಿ ಬೆಳಗಿನಂತೆಯೇ ಇತ್ತು. ಅವಳಿಗೇ ಆಶ್ಚರ್ಯವಾಯಿತು.

ಹೋಗುವ ಮೊದಲು ಕನ್ನಡಿ ಮನೆಯ ದೀಪ ಆರಿಸಿದಳು. ಕೊನೆಯ ಕನ್ನಡಿಯ ಮೇಲೆ ಅಜ್ಜಿಯ ಅಂಗೈ, ಹಣೆ ಮೂಡಿದ್ದವು. ಒರೆಸಲಿಲ್ಲ. ಟಿಕೆಟ್ ಕಿಟಕಿಯ ಫೋನ್ ಎತ್ತಿ ಬೂತಪ್ಪನಿಗೆ ಹೇಳಿದಳು: "ನಾಳೆ ಬರೋದು ಬೇಡವಂತೆ. ನಾಡಿದ್ದು ನೋಡೋಣ ಅಂದಿದಾರೆ."

ಊಟಕ್ಕೆ ಕೂತಾಗ ಸೋಮನಾಥ್ ಹಗುರಾಗಿದ್ದ. ವರ್ಷದಿಂದ ಹೊತ್ತದ್ದನ್ನು ಇನ್ನೊಬ್ಬರ ತಲೆಗೆ ದಾಟಿಸಿದವನ ಹಾಗೆ ಮಾವನ ಜೊತೆ ತಮಾಷೆ ಮಾಡಿದ, ಪಲ್ಯ ಕೇಳಿ ಹಾಕಿಸಿಕೊಂಡ. ಆಮೇಲೆ ರೊಟ್ಟಿಯ ತಟ್ಟೆ ಮಗಳ ಕಡೆ ಸರಿಸಿದ.

"ಕೂಸೇ, ಇನ್ನೊಂದು ಹಾಕ್ಕೋ."

ಸಿರಿ ತಲೆ ಎತ್ತಿದಳು. ಅವಳ ಮುಖ ಎಷ್ಟು ಅರಳಿತೆಂದರೆ ಪ್ರೇಮಕ್ಕನಿಗೆ ನೋಡಲಾಗಲಿಲ್ಲ.

"ನಾಳೆ ತಿಂಡಿಗೆ ಏನು ಮಾಡ್ಲಿ?" ಎಂದು ಗಂಡನನ್ನು ಕೇಳಿದಳು.

"ಕಡುಬು ಮಾಡು. ತಿಂದು ಬಹಳ ದಿನ ಆಯ್ತು."

"ಆಯ್ತು."

ಪಾತ್ರೆ ತೊಳೆದು, ಒಲೆ ಸಾರಿಸಿ, ಅಡಿಗೆಮನೆಯ ದೀಪ ಆರಿಸಿದಳು. ಕಡುಬಿನ ತರಿ ಡಬ್ಬದಿಂದ ಇಳಿಸಲಿಲ್ಲ. ಚಿಲಕದ ಮಾತನ್ನು ಸಿರಿಯ ಬಾಯಿಂದಲೇ ಕೇಳಬೇಕು, ಈ ಮನೆಯೊಳಗಲ್ಲ, ದಾರಿಯಲ್ಲಿ. ಅವಳು ಏನೇ ಹೇಳಲಿ, ನೆಮ್ಮಾರಿನ ದಾರಿ ಬದಲಾಗುವುದಿಲ್ಲ.

ಬೀರು ತೆರೆದು ಮಗಳ ಸ್ವೆಟರ್ ತೆಗೆದು ತನ್ನ ಬ್ಯಾಗಿನ ತಳಕ್ಕೆ ಮಡಚಿಟ್ಟಳು. ಶೃಂಗೇರಿಯ ಮೊದಲ ಬಸ್ಸಿನಲ್ಲಿ ಕಿಟಕಿಗಳು ಸರಿಯಾಗಿ ಮುಚ್ಚುವುದಿಲ್ಲ.